ಹೊಗೆ ಬಂತು ಅಂದ ತಕ್ಷಣ ಟರ್ಬೋ ಬಿಚ್ಚುವ ಮಹಾಶಯರಿಗೆ...

ಈ ಸಲದ ಬರಹ ಸ್ವಲ್ಪ ಖಾರವಾಗಿಯೇ ಇರುತ್ತೆ, ಮೊದಲೇ ಹೇಳಿಬಿಡ್ತೀನಿ. ಊರಿನ ಹೆಸರೇ ಮೆಣಸೆ, ಖಾರ ಇಲ್ಲದಿದ್ರೆ ಹೇಗೆ? :) ಮಳೆ, ಕವಿತೆ, ಬಾಲ್ಯದ ನೆನಪು ಅಂತ ಓದಲು ಬಂದವರು ಬೇಜಾರು ಮಾಡ್ಕೋಬೇಡಿ. ಇವತ್ತಿನ ವಿಷಯ ಕಾರಿನ ಹಿಂದಿನ ಪೈಪಿನಿಂದ ಬರುವ ನೀಲಿ ಹೊಗೆ.

ನನ್ನ ತಕರಾರು ಇಷ್ಟೇ. ಟರ್ಬೋ ಇರುವ ಗಾಡಿಯಲ್ಲಿ ಎಂಜಿನ್ ಆಯಿಲ್ ಸುಟ್ಟ ಹೊಗೆ ಕಂಡ ಕೂಡಲೇ "ಟರ್ಬೋ ಹೋಯ್ತು ಸಾರ್" ಅಂತ ಹೇಳುವ ಒಂದು ಚಟ ನಮ್ಮ ಕಡೆ ಬೆಳೆದುಬಿಟ್ಟಿದೆ. ಶೃಂಗೇರಿ, ಕೊಪ್ಪ, ಎನ್ನಾರ್ ಪುರ, ಎಲ್ಲಿಗೆ ಹೋದರೂ ಇದೇ ಮಾತು. ಬಾನೆಟ್ ಎತ್ತುವ ಮೊದಲೇ ತೀರ್ಪು! ಇದು ರೋಗ ಪತ್ತೆ ಅಲ್ಲ ಮಾರಾಯ್ರೆ, ಕಣಿ ಹೇಳುವುದು. ಹತ್ತಕ್ಕೆ ಎಷ್ಟು ಸಲ ಕಣಿ ಸರಿಯಾಗುತ್ತೆ ಅಂತ ನಾನು ಲೆಕ್ಕ ಇಟ್ಟಿಲ್ಲ. ಆದರೆ ತಪ್ಪಾದ ಪ್ರತಿ ಸಲವೂ ದುಡ್ಡು ಕೊಡುವವನು ಕಣಿ ಹೇಳಿದವನಲ್ಲ, ಗಾಡಿಯವನು.

ನಮ್ಮೂರಲ್ಲೇ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇದೆ. ತರ್ಕ ಓದಿದ ಯಾರನ್ನು ಕೇಳಿದರೂ ಹೇಳ್ತಾರೆ, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಊಹಿಸುವುದೇ ಅನುಮಾನದ ಮೊದಲ ಪಾಠ. ಯಾಕೆ ಊಹಿಸಬಹುದು? ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತೆ. ಅದಕ್ಕೆ ವ್ಯಾಪ್ತಿ ಅಂತ ಹೆಸರು. ಹೊಗೆ ಇದ್ದಲ್ಲೆಲ್ಲ ಕೆಟ್ಟ ಟರ್ಬೋ ಇರುತ್ತೆ ಅನ್ನೋದಕ್ಕೆ ಆ ವ್ಯಾಪ್ತಿ ಎಲ್ಲಿದೆ? ಟರ್ಬೋವೇ ಇಲ್ಲದ ಹಳೇ ಅಂಬಾಸಿಡರ್ ಕೂಡ ನೀಲಿ ಹೊಗೆ ಬಿಡ್ತಿತ್ತಲ್ಲ! ಅದೇ ಪಾಠದಲ್ಲಿ ಇನ್ನೊಂದು ಮಾತೂ ಬರುತ್ತೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಾಗಿಲ್ಲ, ಒದ್ದೆ ಸೌದೆ ಸೇರಿದಾಗ ಮಾತ್ರ ಹೊಗೆ. ಆ ಒದ್ದೆ ಸೌದೆಗೆ ಉಪಾಧಿ ಅಂತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಟರ್ಬೋ ಅಂದರೆ ಏನೋ ಮಾಯಾಪೆಟ್ಟಿಗೆ ಅಲ್ಲ. ಆಲ್‌ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಪೇಟೆಂಟ್ ತಗೊಂಡ ಐಡಿಯಾ ಇದು. ಒಂದು ಕಡ್ಡಿ, ಅದರ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಗಾಳಿ ಒಂದು ಚಕ್ರವನ್ನು ತಿರುಗಿಸುತ್ತೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುತ್ತೆ. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ, ಸಣ್ಣ ಕಾರಿನ ಸಣ್ಣ ಟರ್ಬೋ ಎರಡು ಲಕ್ಷದ ಹತ್ತಿರ ಹೋಗೋದೂ ಉಂಟು. ನಮ್ಮ ಕಾರುಗಳ ಸಾಮಾನ್ಯ ಟರ್ಬೋದಲ್ಲಿ ಆ ಕಡ್ಡಿ ಬಾಲ್ ಬೇರಿಂಗಿನ ಮೇಲೆ ಕೂತಿರೋದಿಲ್ಲ, ಆಯಿಲ್‌ನ ತೆಳು ಪದರದ ಮೇಲೆ ತೇಲ್ತಾ ಇರುತ್ತೆ. ಆಯಿಲ್ ಮೇಲಿನಿಂದ ಸಣ್ಣ ಪೈಪಿನಲ್ಲಿ ಒತ್ತಡದಿಂದ ಬರುತ್ತೆ, ಕೆಳಗಿನ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಸಂಪ್‌ಗೆ ವಾಪಸ್ ಹೋಗುತ್ತೆ. ಗಮನಿಸಿ, ವಾಪಸ್ ಕಳಿಸಲು ಪಂಪ್ ಇಲ್ಲ. ಬರೀ ಇಳಿಜಾರು.

ಇನ್ನು "ಸೀಲ್ ಹೋಗಿದೆ" ಅನ್ನೋ ಮಾತು. ಟರ್ಬೋದ ಸೀಲ್ ಅಂದರೆ ರಬ್ಬರ್ ವಾಷರ್ ಅಂತ ತಿಳಿದವರೇ ಜಾಸ್ತಿ. ಅಲ್ಲಿರೋದು ಪಿಸ್ಟನ್ ರಿಂಗಿನಂಥ ತೆಳು ಲೋಹದ ಉಂಗುರ. ಅದು ನಲ್ಲಿಯ ವಾಷರಿನ ಥರ ಆಯಿಲ್ ತಡೆಯೋದಿಲ್ಲ. ಎರಡೂ ಕಡೆಯ ಗಾಳಿಯ ಒತ್ತಡ ಮತ್ತು ಕೆಳಗೆ ಸಲೀಸಾಗಿ ಇಳಿಯುವ ದಾರಿ, ಈ ಎರಡರ ಸಹಾಯದಿಂದ ಆಯಿಲ್ ಒಳಗೇ ಉಳಿಯುತ್ತೆ. ಕೆಳಗಿನ ಪೈಪು ಕಟ್ಟಿಕೊಂಡರೆ, ಅಥವಾ ಎಂಜಿನ್ ಹೊಟ್ಟೆಯೊಳಗೇ ಒತ್ತಡ ಏರಿ ಆಯಿಲ್ ಇಳಿಯೋಕೆ ಬಿಡದಿದ್ದರೆ, ಕಂಪನಿಯಿಂದ ಈಗ ತಾನೇ ಬಂದ ಹೊಚ್ಚಹೊಸ ಟರ್ಬೋ ಕೂಡ ಎರಡೂ ಕಡೆ ಆಯಿಲ್ ಕಾರುತ್ತೆ. ಬಚ್ಚಲಿನ ನೀರು ಹೋಗುವ ಕಂಡಿ ಕಟ್ಟಿ ನೀರು ಅಡುಗೆಮನೆಗೆ ನುಗ್ಗಿದರೆ ಯಾರಾದರೂ ನಲ್ಲಿ ಬದಲಾಯಿಸ್ತಾರಾ? ಟರ್ಬೋ ವಿಷಯದಲ್ಲಿ ನಾವು ಮಾಡ್ತಾ ಇರೋದು ಅದನ್ನೇ. ಟರ್ಬೋದಿಂದ ಆಯಿಲ್ ಬರೋದು ಬೇರೆ, ಟರ್ಬೋ ಕೆಟ್ಟಿರೋದು ಬೇರೆ. ನಡುವೆ ಒಂದು ಒದ್ದೆ ಸೌದೆ ಇದೆ.

ಎಂಜಿನ್ ಹೊಟ್ಟೆಯೊಳಗೆ ಒತ್ತಡ ಯಾಕೆ ಏರುತ್ತೆ? ಸಿಲಿಂಡರಿನಲ್ಲಿ ಉರಿದ ಗಾಳಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರೋದು ಸಹಜ. ಅದು ಹೊರಹೋಗಲು ಬ್ರೀದರ್ ಅಂತ ಒಂದು ಪೈಪು ಇದೆ, ನಮ್ಮ ಭಾಷೆಯಲ್ಲಿ ಉಸಿರುಕೊಳವೆ ಅನ್ನೋಣ. ಈಗಿನ ಗಾಡಿಗಳಲ್ಲಿ ಆ ಉಸಿರನ್ನು ಹೊರಗೆ ಬಿಡೋ ಹಾಗಿಲ್ಲ. ಆಯಿಲ್ ಹನಿ ಬೇರ್ಪಡಿಸಿ ಟರ್ಬೋಗೆ ಹೋಗುವ ಗಾಳಿಯ ಜೊತೆಗೇ ಸೇರಿಸಿಬಿಡ್ತಾರೆ. ಹಾಗಾಗಿ ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನೊಳಗೆ ಒಂದಿಷ್ಟು ಆಯಿಲ್ ಜಿಡ್ಡು ಇದ್ದೇ ಇರುತ್ತೆ. ಆರೋಗ್ಯವಾಗಿರೋ ಗಾಡಿಯಲ್ಲೂ!

ಈಗ ಗ್ಯಾರೇಜಿನ ನಾಟಕ ನೆನಪು ಮಾಡ್ಕೊಳ್ಳಿ. ಕ್ಲಿಪ್ ಸಡಿಲ ಮಾಡಿ ಆ ಪೈಪು ಎಳೆದು, ಒಳಗೆ ಬೆರಳು ಹಾಕಿ, ಕಪ್ಪು ಜಿಡ್ಡನ್ನು ಗಾಡಿಯವನ ಮುಖದ ಮುಂದೆ ಹಿಡಿದು, "ನೋಡಿ ಸಾರ್, ಟರ್ಬೋ ಆಯಿಲ್ ಉಗುಳ್ತಾ ಇದೆ." ಆಮೇಲೆ ಚಕ್ರವನ್ನು ಅಲ್ಲಾಡಿಸಿ, "ಪ್ಲೇ ನೋಡಿ." ಅಷ್ಟು ಸಾಕು, ನಮ್ಮ ಜನ ಜೇಬಿಗೆ ಕೈ ಹಾಕ್ತಾರೆ. ಆಯಿಲ್ ಪದರದ ಮೇಲೆ ತೇಲುವ ಕಡ್ಡಿ ಎಂಜಿನ್ ನಿಂತಾಗ ಅಕ್ಕಪಕ್ಕ ಒಂಚೂರು ಅಲ್ಲಾಡಲೇಬೇಕು, ಅದರ ರಚನೆಯೇ ಹಾಗೆ. ನೋಡಬೇಕಾದ್ದು ಉದ್ದಕ್ಕೆ, ಅಂದರೆ ಹಿಂದೆ ಮುಂದೆ ಎಳೆದರೆ ಕೈಗೆ ಸಿಗುವಷ್ಟು ಅಲ್ಲಾಡ್ತಾ ಇದೆಯಾ, ಚಕ್ರದ ರೆಕ್ಕೆ ಗೋಡೆಗೆ ತಾಗಿ ಗೀರು ಬಿದ್ದಿದೆಯಾ ಅಂತ. ಅದಿದ್ದರೆ ಟರ್ಬೋ ಹೋಗಿದೆ, ನನ್ನದೇನೂ ವಾದ ಇಲ್ಲ. ಬೆರಳಿನ ಜಿಡ್ಡು ಸಾಕ್ಷಿ ಅಲ್ಲ.

ನಮ್ಮ ಭಾವನ 2013ರ ಡೀಸೆಲ್ ಕಾರಿಗೆ ಆಗಿದ್ದು ಇದೇ. ಬೆಳಿಗ್ಗೆ ಹೊರಡುವಾಗ ಏನೂ ಇಲ್ಲ, ಏರು ಹತ್ತುವಾಗ ಹಿಂದೆ ನೀಲಿ ಮೋಡ. ಒಂದು ಗ್ಯಾರೇಜಿನಲ್ಲಿ (ಹೆಸರು ಬೇಡ, ಅವರೊಬ್ಬರೇ ಹೀಗಲ್ಲ) ಅರ್ಧ ಗಂಟೆಯಲ್ಲಿ ತೀರ್ಪು ಬಂತು, ಮೂರು ದಿನದಲ್ಲಿ ಟರ್ಬೋ ಬದಲಾಯ್ತು. ಕೂಲಿ ಸೇರಿ 38,000 ರೂಪಾಯಿ. ಎರಡು ವಾರ ಕಳೆದು ಮತ್ತೆ ಅದೇ ಹೊಗೆ. ಕೇಳಿದ್ದಕ್ಕೆ ಬಂದ ಉತ್ತರ, "ಈ ಟರ್ಬೋನೂ ಡಿಫೆಕ್ಟ್ ಪೀಸ್ ಇರಬೇಕು ಸಾರ್."

ಭಾವ ಫೋನ್ ಮಾಡಿದ. "ಎಂತ ಮಾರಾಯ ಮಾಡೋದು ಈಗ? ಇನ್ನೊಂದು ಹಾಕಿಸು ಅಂತಾರೆ."

"ಏನೂ ಹಾಕಿಸ್ಬೇಡ ಭಾವ. ಗಾಡಿ ಇಲ್ಲಿಗೆ ತಗೊಂಬಾ, ಒಂದು ಖಾಲಿ ನೀರಿನ ಬಾಟಲಿನೂ ತಗೊಂಬಾ."

ಬಾಟಲಿ ಯಾಕೆ ಅಂದ್ರೆ, ಉಸಿರುಕೊಳವೆಯನ್ನು ಗಾಳಿ ಪೈಪಿನಿಂದ ಬಿಡಿಸಿ, ಆ ಪೈಪಿನ ತೂತನ್ನು ಮುಚ್ಚಿ, ಕೊಳವೆಯ ತುದಿಯನ್ನು ಬಾಟಲಿಯ ಬಾಯಿಯಲ್ಲಿ ಸಡಿಲವಾಗಿ ಇಳಿಬಿಟ್ಟು ಒಂದು ಸುತ್ತು ಓಡಿಸಬೇಕು. ಗಾಳಿ ಆಡೋಕೆ ಜಾಗ ಇರಬೇಕು, ಬಿಗಿಯಾಗಿ ಮುಚ್ಚಬಾರದು. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟು ತಿರುಗಾಡಬಾರದು. ಹೊಗೆ ನಿಂತು ಬಾಟಲಿಯಲ್ಲಿ ಆಯಿಲ್ ಬಿದ್ದರೆ ಆಯಿಲ್ ಬರ್ತಾ ಇರೋದು ಉಸಿರಿನ ದಾರಿಯಿಂದ ಅಂತ ಆಯ್ತು. ಭಾವನ ಗಾಡಿಯಲ್ಲಿ ಅಷ್ಟು ದೂರವೂ ಹೋಗಬೇಕಾಗಲಿಲ್ಲ. ಕೊಳವೆ ಕಿತ್ತಾಗಲೇ ಕಾಣ್ತು, ಒಳಗೆ ಗ್ರೀಸಿನ ಥರ ಮಂದವಾದ ಕಂದು ಪಾಯಸ ಕಟ್ಟಿಕೊಂಡು ಕಡ್ಡಿ ತೂರಿಸಲೂ ಜಾಗ ಇಲ್ಲ! ಆಯಿಲ್ ಬೇರ್ಪಡಿಸುವ ಡಬ್ಬಿಯೂ ಹಾಗೇ. ಅದನ್ನು ತೊಳೆದು, ಕೊಳವೆ ಹೊಸದು ಹಾಕಿ, ಇಂಟರ್‌ಕೂಲರ್ ಬಿಚ್ಚಿ ಒಳಗೆ ನಿಂತಿದ್ದ ಆಯಿಲ್ ಸುರಿದು, ಆಯಿಲ್ ಬದಲಿಸಿದ ಮೇಲೆ ಹೊಗೆ ನಿಂತಿತು. ಮೊದಲಿನ ಟರ್ಬೋ ಬಿಚ್ಚಿ ತಂದಿದ್ದು ಅವರ ಡಿಕ್ಕಿಯಲ್ಲೇ ಇತ್ತು. ಉದ್ದಕ್ಕೆ ಎಳೆದು ನೋಡಿದೆ, ಅಲ್ಲಾಡಲಿಲ್ಲ. ರೆಕ್ಕೆಯಲ್ಲಿ ಒಂದು ಗೀರಿಲ್ಲ.

38,000 ರೂಪಾಯಿ ಬೆಂಗಳೂರಿನ ಓದುಗರಿಗೆ ದೊಡ್ಡದಲ್ಲದಿರಬಹುದು. ಹಳದಿ ಎಲೆ ರೋಗಕ್ಕೆ ತೋಟ ಬಿಟ್ಟುಕೊಟ್ಟು, ಉಳಿದಿದ್ದಕ್ಕೆ ಎಲೆಚುಕ್ಕಿ ಬಂದು ಕೂತಿರುವ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಮತ್ತೆ ಇಲ್ಲಿ ಕಾರು ಅನ್ನೋದು ಶೋಕಿಯೂ ಅಲ್ಲ. ರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಘಾಟಿ ಇಳಿದು ಮಣಿಪಾಲಕ್ಕೆ ಓಡಬೇಕು, ಇಲ್ಲಾ ಶಿವಮೊಗ್ಗಕ್ಕೆ. ಗಾಡಿ ಗ್ಯಾರೇಜಿನಲ್ಲಿದ್ದ ಆ ಮೂರು ದಿನ ಅಕ್ಕ ನಿದ್ದೆ ಮಾಡಿರಲಿಲ್ಲ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ.

ಇನ್ನೊಂದು ಕಾರಣಕ್ಕೂ ಇದು ದೊಡ್ಡ ವಿಷಯ. ನಮ್ಮ ಮಲೆನಾಡಿನಲ್ಲಿ ಓಡ್ತಾ ಇರೋ ಸಣ್ಣ ಡೀಸೆಲ್ ಕಾರುಗಳಲ್ಲಿ ಬಹಳಷ್ಟರ ಹೊಟ್ಟೆಯಲ್ಲಿರೋದು ಫಿಯಟ್‌ನ 1.3 ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋ, ಎಲ್ಲದಕ್ಕೂ ಅದೇ ಎಂಜಿನ್. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಅಂದರೆ ಈಗಿರುವ ಸ್ವಿಫ್ಟ್ ಡೀಸೆಲ್ ಒಂದೊಂದೂ ವರ್ಷ ವರ್ಷ ಹಳೆಯದಾಗ್ತಾ ಹೋಗುತ್ತೆ, ಹೊಸದು ಬರಲ್ಲ. ಹೊಗೆಯ ದೂರು ಹೆಚ್ಚೋ ಕಾಲ ಇದು, ಕಣಿ ಹೇಳುವವರಿಗೆ ಸುಗ್ಗಿ.

ಹಾಗಾದ್ರೆ ಹೇಗೆ ನೋಡಬೇಕು? ಮೊದಲು ಅದು ಆಯಿಲ್ ಹೊಗೆಯೇ ಹೌದಾ ಅಂತ. ಪುಷ್ಯದ ಬೆಳಗಿನ ಮಂಜಿನಲ್ಲಿ ನಮ್ಮೂರಲ್ಲಿ ಎಲ್ಲಾ ಕಾರುಗಳೂ ಬಿಳಿ ಹೊಗೆ ಬಿಡ್ತಾವೆ, ಅದು ಬರೀ ನೀರಿನ ಆವಿ. ಎರಡು ಮಾರು ಹೋಗುವುದರೊಳಗೆ ಕರಗಿಹೋಗುತ್ತೆ. ಆಯಿಲ್ ಹೊಗೆ ನೀಲಿ ಛಾಯೆಯದು, ಗಾಳಿಯಲ್ಲಿ ನೇತಾಡುತ್ತೆ, ಕಣ್ಣು ಉರಿಯುತ್ತೆ, ಕಮಟು ವಾಸನೆ. ಕಪ್ಪು ಹೊಗೆ ಗಾಳಿ ಕಮ್ಮಿ ಡೀಸೆಲ್ ಜಾಸ್ತಿ ಅನ್ನೋದರ ಗುರುತು, ಅದರ ದಾರಿಯೇ ಬೇರೆ.

ಆಮೇಲೆ ಕೇಳಬೇಕಾದ ಪ್ರಶ್ನೆ, ಯಾವಾಗ? ನನ್ನ ಪ್ರಕಾರ ಹೊಗೆಯ ಬಣ್ಣಕ್ಕಿಂತ ಹೊಗೆಯ ಸಮಯ ಹೆಚ್ಚು ಸತ್ಯ ಹೇಳುತ್ತೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಭುಸ್ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ. ರಾತ್ರಿ ಹನಿಹನಿಯಾಗಿ ಇಳಿದ ಆಯಿಲ್ ಬೆಳಿಗ್ಗೆ ಸುಡುತ್ತೆ. ಟರ್ಬೋ ಪೆಟ್ರೋಲ್ ಗಾಡಿಯಲ್ಲಿ ಘಾಟಿ ಇಳಿಯುವಾಗ ಕಾಲು ತೆಗೆದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಅದೇ ಕಡೆ ನೋಡಿ. ಡೀಸೆಲ್‌ನಲ್ಲಿ ಈ ಗುರುತು ಅಷ್ಟು ನಂಬಿಕಸ್ಥ ಅಲ್ಲ, ಅಲ್ಲಿ ಆ ಮಟ್ಟದ ಹೀರುವಿಕೆ ಹುಟ್ಟೋದಿಲ್ಲ. ಲೋಡ್ ಬಿದ್ದಾಗೆಲ್ಲ ಹೊಗೆ ಬಂದರೆ ರಿಂಗು ಅಥವಾ ಉಸಿರುಕೊಳವೆ. ಹೊತ್ತು ಹೊತ್ತು ನಿಂತಲ್ಲೇ ಓಡಿ, ಆಮೇಲೆ ಹೊರಟಾಗ ದಟ್ಟ ಮೋಡ ಬಂದರೆ ಆಗ ಟರ್ಬೋ ಮತ್ತು ಅದರ ಕೆಳಗಿನ ಪೈಪು.

ಇದಾದ ಮೇಲೆ ಡಿಪ್‌ಸ್ಟಿಕ್. ನಗಬೇಡಿ! ನಮ್ಮಲ್ಲಿ ಯಾರ ಮನೆ ಅಂಗಳ ಸಮತಟ್ಟಾಗಿದೆ ಹೇಳಿ? ಗುಡ್ಡ ಕಡಿದು ಮಾಡಿದ ಇಳಿಜಾರು ಅಂಗಳದಲ್ಲಿ ಗಾಡಿ ನಿಲ್ಲಿಸಿ ಕಡ್ಡಿ ಎಳೆದು ನೋಡಿ "ಆಯಿಲ್ ಕಮ್ಮಿ ಇದೆ" ಅಂತ ಅರ್ಧ ಲೀಟರ್ ಸುರಿಯುವವರನ್ನು ನಾನು ಬಲ್ಲೆ. ಮೇಲಿನ ಗೆರೆ ದಾಟಿದ ಆಯಿಲನ್ನು ತಿರುಗುವ ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತೆ, ಆ ನೊರೆ ಉಸಿರುಕೊಳವೆ ಹಿಡಿದು ಮೇಲೆ ಹೋಗುತ್ತೆ, ಹೊಗೆ. ಬಿಎಸ್ 6 ಡೀಸೆಲ್‌ಗಳಲ್ಲಿ ಸುರಿಯದೇ ಮಟ್ಟ ಏರುವುದೂ ಉಂಟು. ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಸ್ವಚ್ಛ ಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಂತು, ಡೀಸೆಲ್ ಆಯಿಲ್‌ಗೆ ಇಳಿದು ಸೇರಿಕೊಳ್ಳುತ್ತೆ.

ಮೂರನೆಯದು ಆಯಿಲ್ ಕ್ಯಾಪ್. ಎಂಜಿನ್ ನಿಧಾನವಾಗಿ ಓಡ್ತಿರುವಾಗ ಬಿಚ್ಚಿ ಬೋರಲು ಇಟ್ಟು ನೋಡಿ. ಸ್ವಲ್ಪ ನಡುಗಿದರೆ ಸರಿ, ಕುಣಿದು ಹಾರಿಬಿದ್ದರೆ ಒತ್ತಡ ಜಾಸ್ತಿ ಇದೆ. ಉಸಿರುಕೊಳವೆ ಬಿಡಿಸಿದಾಗ ಅದರ ಬಾಯಿಂದಲೇ ರಭಸವಾಗಿ ಗಾಳಿ ನುಗ್ಗಿದರೆ ರಿಂಗಿನ ಸವೆತ, ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಅಲ್ಲಿ ಗಾಳಿಯೇ ಬರ್ತಿಲ್ಲ ಅಂದ್ರೆ ಕೊಳವೆ ಕಟ್ಟಿದೆ. ಟರ್ಬೋ ಪೆಟ್ರೋಲ್‌ನಲ್ಲಿ ಇದರ ಉಲ್ಟಾ ಕೂಡ ಆಗುತ್ತೆ. ಕ್ಯಾಪ್ ಒಳಗಿನಿಂದ ಯಾರೋ ಎಳೆದು ಹಿಡಿದ ಹಾಗೆ ಬಿಗಿಯಾಗಿದ್ದು ಸಿಳ್ಳೆ ಸದ್ದು ಬಂದರೆ ಪಿಸಿವಿ ವಾಲ್ವಿನ ತೆಳು ಪೊರೆ ಹರಿದಿದೆ. ಏರ್ ಫಿಲ್ಟರ್ ನೋಡೋದನ್ನೂ ಮರೀಬೇಡಿ. ಅದು ಕಟ್ಟಿದರೆ ಟರ್ಬೋ ತನ್ನ ಆಯಿಲನ್ನೇ ಎಳೆದುಕೊಳ್ಳುತ್ತೆ.

ಇಷ್ಟಕ್ಕೆ ಬೇಕಾಗಿದ್ದು ಒಂದು ಸ್ಕ್ರೂಡ್ರೈವರ್, ಒಂದು ಬಾಟಲಿ, ಒಂದು ಗಂಟೆ. ಟರ್ಬೋ ಬಿಚ್ಚುವುದು ಇದೆಲ್ಲ ಮುಗಿದ ಮೇಲಿನ ಮಾತು.

ಮೆಕ್ಯಾನಿಕ್ ಗೆಳೆಯನೊಬ್ಬ ಇದಕ್ಕೆ ಉತ್ತರ ಕೊಟ್ಟ, ಅದನ್ನೂ ಹೇಳಬೇಕು. "ನೀನು ಹೇಳೋದು ಸರಿ. ಆದ್ರೆ ಒಂದು ಗಂಟೆ ನೋಡಿ, ಕೊಳವೆ ತೊಳೆದು, ಐನೂರು ರೂಪಾಯಿ ಕೇಳಿದ್ರೆ ಜನ ಜಗಳ ಮಾಡ್ತಾರೆ, ಏನು ಹಾಕಿದೀಯಾ ಅಂತ. ಟರ್ಬೋ ಹಾಕಿದ್ರೆ ಮೂವತ್ತು ಸಾವಿರ ಕೊಟ್ಟು ಥ್ಯಾಂಕ್ಸ್ ಹೇಳಿ ಹೋಗ್ತಾರೆ." ಈ ಮಾತಿನಲ್ಲಿ ನಿಜ ಇದೆ, ನನಗೆ ನೋವಾಯ್ತು. ಡಾಕ್ಟರಿಗೆ ನೋಡಿದ್ದಕ್ಕೇ ಫೀಸು ಕೊಡ್ತೀವಿ, ಮೆಕ್ಯಾನಿಕ್ ನೋಡಿದ್ದಕ್ಕೆ ಕೊಡಲ್ಲ. ಆದರೂ ಅವನ ವಾದ ನಾನು ಒಪ್ಪೋದಿಲ್ಲ. ಗಿರಾಕಿ ಜಿಪುಣ ಅನ್ನೋದು ಅವನಿಗೆ ಸುಳ್ಳು ಕಾಯಿಲೆ ಹೇಳಲು ಪರವಾನಗಿ ಆಗೋದಿಲ್ಲ. ನೋಡಲು ಇಷ್ಟು ರೂಪಾಯಿ ಅಂತ ಬೋರ್ಡು ಹಾಕಲಿ, ನಾನು ಮೊದಲು ಕೊಡ್ತೀನಿ.

ಎಮಿಷನ್ ಟೆಸ್ಟಿನ ಚೀಟಿ ತೋರಿಸಿ ವಾದ ಮಾಡುವವರಿಗೂ ಒಂದು ಮಾತು. ಡೀಸೆಲ್ ಗಾಡಿಗೆ ಅಲ್ಲಿ ಅಳೆಯೋದು ಹೊಗೆ ಎಷ್ಟು ಬೆಳಕು ತಡೆಯುತ್ತೆ ಅನ್ನೋದನ್ನು. ಸುಟ್ಟಿದ್ದು ಏನು, ಎಲ್ಲಿಂದ ಬಂತು ಅಂತ ಆ ಯಂತ್ರಕ್ಕೆ ಗೊತ್ತಾಗಲ್ಲ.

ಇದು ನಮ್ಮ ಹಳ್ಳಿ ಗ್ಯಾರೇಜುಗಳ ಚಟ ಮಾತ್ರ ಅಂತಲೂ ತಿಳೀಬೇಡಿ. ಪೆಜೋ-ಸಿಟ್ರನ್ ಮತ್ತು ಫೋರ್ಡ್ ಸೇರಿ ಮಾಡಿದ 1.6 ಲೀಟರ್ ಡೀಸೆಲ್ ಎಂಜಿನ್ ಯುರೋಪಿನಲ್ಲಿ ಟರ್ಬೋ ತಿನ್ನುವುದಕ್ಕೇ ಹೆಸರುವಾಸಿ. ಒಂದು ಹಾಕಿದರೆ ಇನ್ನೊಂದು, ಆಮೇಲೆ ಮತ್ತೊಂದು. ಕೊನೆಗೆ ನೋಡಿದರೆ ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರ್ ಸೋರಿ ಮಸಿ ಆಯಿಲ್‌ಗೆ ಸೇರಿ, ಆ ಕೆಸರು ಟರ್ಬೋಗೆ ಆಯಿಲ್ ಕೊಡುವ ಸಣ್ಣ ಪೈಪಿನ ಜಾಲರಿಯನ್ನೇ ಕಟ್ಟಿಹಾಕಿತ್ತು. ಟರ್ಬೋ ಬಾಯಾರಿ ಸಾಯ್ತಿತ್ತು. ಆ ಆಯಿಲ್ ಪೈಪುಗಳನ್ನು ಬದಲಿಸದೇ ಟರ್ಬೋ ಹಾಕಿದರೆ ವಾರಂಟಿ ಇಲ್ಲ ಅಂತ ಟರ್ಬೋ ಮಾರುವವರೇ ಷರತ್ತು ಹಾಕಿದರು. ಇತ್ತ 2009ರ ಆಸುಪಾಸಿನ ಆಡಿ-ಫೋಕ್ಸ್‌ವ್ಯಾಗನ್ 2.0 ಟರ್ಬೋ ಪೆಟ್ರೋಲ್ ಕಾರುಗಳು ಆಯಿಲ್ ಕುಡಿದಿದ್ದಕ್ಕೆ ಮುಖ್ಯ ಕಾರಣ ಪಿಸ್ಟನ್ನಿನ ತೆಳು ಆಯಿಲ್ ರಿಂಗು. ಅಲ್ಲೂ ಟರ್ಬೋ ನಿರಪರಾಧಿ.

ಹಾಗಂತ ಟರ್ಬೋ ಸಾಯೋದೇ ಇಲ್ಲ ಅಂತಲ್ಲ, ನಾವೇ ಕೊಲ್ತೀವಿ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಒಂದು ಎರಡನೇ ಗೇರಿನಲ್ಲಿ ಕಿರುಚಿಸಿ ಹತ್ತಿಸಿ, ಸೂರ್ಯಾಸ್ತ ನೋಡುವ ಜಾಗ ಬಂದ ಕೂಡಲೇ ಕೀ ತಿರುಗಿಸಿ ಇಳಿದು ಓಡ್ತಾರಲ್ಲ, ಆ ಕ್ಷಣದಲ್ಲಿ ಟರ್ಬೋ ಕೆಂಡದ ಹಾಗೆ ಕಾದಿರುತ್ತೆ. ಎಂಜಿನ್ ನಿಂತ ಕೂಡಲೇ ಆಯಿಲ್ ಹರಿವೂ ನಿಲ್ಲುತ್ತೆ, ಒಳಗೆ ಉಳಿದದ್ದು ಸೀದು ಇದ್ದಿಲಾಗುತ್ತೆ. ನೀರಿನಿಂದ ತಣಿಯುವ ಹೊಸ ಟರ್ಬೋಗಳಿಗೆ ಇದು ಅಷ್ಟು ಬಾಧಿಸಲ್ಲ. ಆಯಿಲ್‌ನಿಂದಲೇ ತಣಿಯುವ ಹಳೇ ಡೀಸೆಲ್‌ಗಳಿಗೆ ಖಂಡಿತ ಬಾಧಿಸುತ್ತೆ. ಎರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಸೂರ್ಯ ಕಾಯ್ತಾನೆ. ಮಾಳ ಘಾಟಿ ಹತ್ತಿ ಕೆರೆಕಟ್ಟೆಯಲ್ಲಿ ಚಾ ಕುಡಿಯಲು ನಿಲ್ಲುವವರಿಗೂ ಇದೇ ಮಾತು.

ಕೊನೆಯದಾಗಿ ಒಂದು ಎಚ್ಚರಿಕೆ, ಇದರಲ್ಲಿ ತಮಾಷೆ ಇಲ್ಲ. ಟರ್ಬೋ ಬದಲಿಸಿ ಇಂಟರ್‌ಕೂಲರ್ ತೊಳೆಯದೇ ಕಳಿಸುವ ಗ್ಯಾರೇಜುಗಳಿವೆ. ಅಲ್ಲಿ ನಿಂತ ಆಯಿಲ್ ಒಮ್ಮೆಲೇ ಡೀಸೆಲ್ ಎಂಜಿನ್ನಿಗೆ ನುಗ್ಗಿದರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ತಾನಾಗಿ ಏರತೊಡಗುತ್ತೆ, ಕೀ ತೆಗೆದರೂ ನಿಲ್ಲಲ್ಲ. ಕೈ ಗೇರಿನ ಗಾಡಿಯಾದರೆ ಬ್ರೇಕು ಗಟ್ಟಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಉಸಿರುಗಟ್ಟಿಸಿ ನಿಲ್ಲಿಸಬೇಕು. ಆಗದಿದ್ದರೆ ಗಾಡಿ ಬಿಟ್ಟು ದೂರ ಹೋಗಿ, ಬಾನೆಟ್ ಮೇಲೆ ಬಗ್ಗಿ ನೋಡುತ್ತಾ ನಿಲ್ಲಬೇಡಿ. ಟರ್ಬೋ ಹಾಕಿಸಲೇಬೇಕಾಗಿ ಬಂದರೆ ಇಂಟರ್‌ಕೂಲರ್ ತೊಳೆದಿದ್ದನ್ನು, ಎರಡೂ ಆಯಿಲ್ ಪೈಪು ಹೊಸದಾಗಿದ್ದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಹಳೇ ಟರ್ಬೋ ಕೇಳಿ ಮನೆಗೆ ತನ್ನಿ.

ನಿಮ್ಮ ಕಡೆಯ ಗಾಡಿಗಳ ಕಥೆ ಇದ್ದರೆ ಬರೀರಿ. ಬಣ್ಣ ಒಂದೇ ಹೇಳಿದರೆ ಸಾಲದು, ಹೊಗೆ ಯಾವ ಹೊತ್ತಿಗೆ ಬಂತು ಅಂತ ತಪ್ಪದೇ ಹೇಳಿ. ಕಪ್ಪು ಹೊಗೆ ಮತ್ತು ಇಜಿಆರ್ ಬಗ್ಗೆ ಮುಂದಿನ ಸಲ ಜಗಳ ಆಡೋಣ.